ಭಾರಕ್ಕೆ ತಕ್ಕ ಗಾಳಿ

ನನ್ನ ಗಂಡನ ಏರ್‌ಬ್ರಷ್‌ಗೆ ಗಾಳಿ ಕೊಡುತ್ತಿದ್ದವಳು ನಾನು. ಊದಿ ಅಲ್ಲ, ಕೂತು. ಈಗ ಯಾರಿಗಾದರೂ ಇದನ್ನು ಹೇಳಿದರೆ ನಗುತ್ತಾರೆ. ಆಗಲೂ ನಗುತ್ತಿದ್ದರು. ಮುಂಬಯಿಯಲ್ಲಿ ನಾವಿದ್ದ ಚಾಳಿನಲ್ಲಿ ನನಗೆ ಗಾಳಿಯಕ್ಕ ಎಂದೇ ಹೆಸರು ಬಿದ್ದಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಆ ಹೆಸರಿಗೆ ಓಗೊಡುವುದನ್ನೂ ಕಲಿತೆ.

ನನಗೊಂದು ಮಗು ಹುಟ್ಟಿತ್ತು, ಉಳಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಾವನ್ನು ಕೊನೆಯವರೆಗೂ ಬಚ್ಚಿಟ್ಟುಕೊಂಡು, ಓದುವವರನ್ನು ಒಮ್ಮೆಗೇ ಅಳಿಸುವ ಚಾಳಿ ನನಗೆ ಹಿಡಿಸುವುದಿಲ್ಲ. ನಾನು ಹೇಳಬೇಕೆಂದಿರುವುದು ಆ ಮಗುವಿಗೂ ಆ ಬ್ರಷ್‌ಗೂ ಇದ್ದ ಸಂಬಂಧವನ್ನು. ಅದು ಪೂರ್ತಿಯಾಗಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವರಲ್ಲಿ ಒಬ್ಬರು ಈಗ ಇಲ್ಲ.

ನನ್ನ ಗಂಡ ಫೋಟೋ ತಿದ್ದುವ ಕೆಲಸದವರು. ದಾದರಿನ ಒಂದು ಸ್ಟುಡಿಯೋದಲ್ಲಿ ಹಗಲೆಲ್ಲ ಅದೇ ಕೆಲಸ, ರಜೆಯ ದಿನ ಮನೆಯಲ್ಲಿ ಸ್ವಂತದ್ದು. ಅರವತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ, ಫೋಟೋಗಳೆಲ್ಲ ಕಪ್ಪು ಬಿಳುಪು. ಅಂಗೈಯಗಲದ ಹಳೆಯ ಚಿತ್ರವನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿದರೆ ಮುಖ ಮಸಕಾಗುತ್ತದೆ, ಹುಬ್ಬು ಅಳಿಸಿಹೋಗುತ್ತದೆ, ಕೂದಲು ತಲೆಯ ಮೇಲೆ ಕಪ್ಪು ಟೊಪ್ಪಿಗೆ ಇಟ್ಟಂತೆ ಕಾಣುತ್ತದೆ. ಅದನ್ನೆಲ್ಲ ಮತ್ತೆ ಎಳೆ ಎಳೆಯಾಗಿ ಬಿಡಿಸಿ ಮನುಷ್ಯರನ್ನಾಗಿ ಮಾಡಬೇಕು. ಮಾಟುಂಗದ ಹೋಟೆಲುಗಳಲ್ಲಿ ಗಲ್ಲಾದ ಹಿಂದೆ ಗಂಧದ ಹಾರ ಹಾಕಿಕೊಂಡು ಕೂತ ಹಿರಿಯರಲ್ಲಿ ಎಷ್ಟೋ ಜನರ ಹುಬ್ಬು, ಮೀಸೆ ನಮ್ಮ ಹತ್ತಡಿಯ ಖೋಲಿಯಲ್ಲಿ ಹುಟ್ಟಿದ್ದವು. ಬೋಳು ತಲೆಯವರಿಗೆ ಇವರು ಒಂದಿಷ್ಟು ಕೂದಲನ್ನೂ ದಾನ ಮಾಡುತ್ತಿದ್ದರು. ಯಾವ ಮಗನೂ ಬೇಡವೆಂದು ತಿರುಗಿಸಿ ತಂದದ್ದು ನನಗೆ ನೆನಪಿಲ್ಲ.

ಏರ್‌ಬ್ರಷ್ ಎಂದರೆ ಕುಂಚವಲ್ಲ. ಪೆನ್ನಿನ ಗಾತ್ರದ ಹಿತ್ತಾಳೆಯ ಕೊಳವೆ. ಅದರೊಳಗೆ ಉದ್ದಕ್ಕೂ ಒಂದು ಸೂಜಿ, ತುದಿಯಲ್ಲಿ ಸಣ್ಣ ತೂತಿನ ಮೂತಿ. ಹಿಂದಿನಿಂದ ಗಾಳಿ ಬಂದು ಬಣ್ಣವನ್ನು ಕಾಗದದ ಮೇಲೆ ಮಂಜಿನ ಹಾಗೆ ಉದುರಿಸುತ್ತದೆ. ಬೆರಳಿನಡಿ ಒಂದು ಗುಂಡಿ ಇರುತ್ತದೆ. ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ.

ಅದನ್ನು ಆರಿಸಲು ಹೋದದ್ದೇ ನಮ್ಮ ಮೊದಲ ತಿರುಗಾಟ. ಮದುವೆಯಾಗಿ ವಿಜಾಪುರದ ಕಡೆಯ ಹಳ್ಳಿಯಿಂದ ಆಗಷ್ಟೇ ಬಂದಿದ್ದೆ. ಚಾಳಿನ ಬೇರೆ ಹೊಸ ಹೆಂಡಿರು ಗಂಡನ ಜೊತೆ ಚೌಪಾಟಿಗೆ ಹೋಗಿ ಭೇಲ್ ತಿಂದು ಬರುತ್ತಿದ್ದರು. ನನ್ನನ್ನು ಇವರು ಚೋರ್ ಬಜಾರಿಗೆ ಕರೆದುಕೊಂಡು ಹೋದರು. ಹಳೆಯ ಗಡಿಯಾರ, ಒಡೆದ ದೀಪ, ಯಾರದೋ ಹಡಗಿನಿಂದ ಇಳಿದ ತಟ್ಟೆ ಬಟ್ಟಲುಗಳ ನಡುವೆ ಒಬ್ಬ ಮುದುಕ ವ್ಯಾಪಾರಿ ಎರಡು ಏರ್‌ಬ್ರಷ್ ಇಟ್ಟುಕೊಂಡು ಕೂತಿದ್ದ. ಒಂದು ಥಳಥಳ ಹೊಳೆಯುತ್ತಿತ್ತು, ಹೊಟ್ಟೆಯಡಿ ಬಣ್ಣದ ಸೀಸೆ ಬೇರೆ ತೂಗುತ್ತಿತ್ತು. ಇನ್ನೊಂದರ ಹೊಳಪೆಲ್ಲ ಎದ್ದುಹೋಗಿತ್ತು. ಪಕ್ಕದಲ್ಲಿ ಹುಣಸೆಬೀಜ ಹಿಡಿಯುವಷ್ಟು ಬಟ್ಟಲು, ಸೂಜಿಯ ತುದಿ ಸೊಟ್ಟ.

ಇವರು ಪಕ್ಕದ ಚಹಾದವನಿಂದ ಒಂದು ಗ್ಲಾಸು ನೀರು ಇಸಿದುಕೊಂಡರು. ಬ್ರಷ್‌ನ ಮೂತಿಯನ್ನು ನೀರಿನಲ್ಲಿ ಅದ್ದಿ, ಗಾಳಿ ಬರುವ ತೂತಿಗೆ ಬಾಯಿ ಹಚ್ಚಿ ಊದಿದರು. ವ್ಯಾಪಾರಿ, "ಏ ಭಾಯ್, ಬಾಸುರಿ ಸಮಝಾ ಕ್ಯಾ?" ಎಂದು, ಕೊಳಲು ಅಂದುಕೊಂಡೆಯಾ ಎನ್ನುವಂತೆ ಗದರಿದ. ಹೊಳೆಯುವ ಬ್ರಷ್‌ನ ಕುತ್ತಿಗೆಯ ಸುತ್ತ ಗುಳ್ಳೆ ಎದ್ದವು. ಅಂದರೆ ಅಲ್ಲೆಲ್ಲೋ ಬಿರುಕು. ಹಳೆಯದರಲ್ಲಿ ಮಾತ್ರ ಗುಳ್ಳೆಗಳು ತುದಿಯಿಂದಷ್ಟೇ ಒಂದೇ ಸಾಲಿನಲ್ಲಿ ಬಂದವು.

"ಸೂಜಿ ಡೊಂಕಾದ್ರ ನೆಟ್ಟಗ ಮಾಡಬಹುದು. ಮೂತಿ ಒಡದ್ರ ಮುಗೀತು" ಎಂದರು.

"ಹೊಳಿಯೋದು ಬಿಟ್ಟು ಇಂಥಾದ್ಯಾಕ ಆರಿಸ್ಕೊಂಡ್ರಿ?" ಎಂದೆ.

"ನಿನ್ನ ನೋಡಾಕ ಬಂದಾಗನೂ ಎಲ್ಲಾರೂ ಹಿಂಗ ಕೇಳಿದ್ರು."

ದಾದರ್ ಬರುವವರೆಗೂ ನಾನು ಲೋಕಲ್ ರೈಲಿನಲ್ಲಿ ಮುಖ ತಿರುಗಿಸಿಕೊಂಡು ನಿಂತಿದ್ದೆ. ಆಮೇಲೆ ನಗು ತಡೆಯಲಾಗಲಿಲ್ಲ.

ಮನೆಗೆ ತಂದ ಮೇಲೆ ಅದಕ್ಕೆ ಒಂದೊಂದೇ ಸೇವೆ ಶುರುವಾಯಿತು. ಸೂಜಿಯನ್ನು ಗಾಜಿನ ಮೇಲಿಟ್ಟು ಬೆರಳಿನಿಂದ ಉರುಳಿಸಿ ಉರುಳಿಸಿ ನೆಟ್ಟಗೆ ಮಾಡಿದರು. ಸಾಣೆಕಲ್ಲಿಗೆ ಎಣ್ಣೆ ಹಾಕಿ ಅದರ ಮೊನೆಯನ್ನು ಉದ್ದಕ್ಕೆ, ಸಪೂರಕ್ಕೆ ಮಸೆದರು. ಅಕ್ಕಸಾಲಿಗನಿಂದ ತಂದ ಕೆಂಪು ಪುಡಿಯನ್ನು ತೊಗಲಿಗೆ ಹಚ್ಚಿ ಅದರ ಮೇಲೆ ತಿಕ್ಕಿದರು. ಮೊನೆ ನುಣುಪಾಗಿಲ್ಲದಿದ್ದರೆ ಬಣ್ಣ ಅಲ್ಲಿಯೇ ಒಣಗಿ ಕೂತು ಸಿಡಿಯುತ್ತದಂತೆ. ಮೂತಿಗಿದ್ದ ಮುಚ್ಚಳ ತೆಗೆದು ಬಿಸಾಕಿದರು, ಕಾಗದಕ್ಕೆ ತೀರ ಹತ್ತಿರ ಹೋಗಲು ಅದು ಅಡ್ಡ. ಗುಂಡಿಯ ಹಿಂದೆ ಒಂದು ಸಣ್ಣ ತಿರುಪು ಕೂರಿಸಿದರು, ಬೆರಳು ಮರೆತು ಜಾಸ್ತಿ ಎಳೆದರೂ ಸೂಜಿ ಅದರಾಚೆ ಹೋಗಬಾರದು. ನನಗೆ ಬೇಕಾಗಿದ್ದ ಗೂಟ ಒಂದನ್ನು ಗೋಡೆಗೆ ಹೊಡೆಯಲು ಇವರಿಗೆ ತಿಂಗಳಾನುಗಟ್ಟಲೆ ಪುರಸತ್ತಿರಲಿಲ್ಲ, ಆ ಮಾತು ಬೇರೆ.

ಬ್ರಷ್ ಸರಿಯಾಯಿತು, ಗಾಳಿಯೇ ಇಲ್ಲ. ಸ್ಟುಡಿಯೋದಲ್ಲಿ ಕರೆಂಟಿನ ಪಂಪು ಇತ್ತು. ನಮ್ಮ ಖೋಲಿಗೆ ಅದರ ಕನಸೂ ಬೀಳುವಂತಿರಲಿಲ್ಲ. ಹಳೆಯ ಕಾರಿನ ಟೈರು ಒಂದನ್ನು ಇವರು ಎಲ್ಲಿಂದಲೋ ತಂದರು. ಪ್ರತಿ ರಜೆಯ ಬೆಳಿಗ್ಗೆ ಅದನ್ನು ಉರುಳಿಸಿಕೊಂಡು ಪೆಟ್ರೋಲ್ ಪಂಪಿಗೆ ಹೋಗಿ ಗಾಳಿ ತುಂಬಿಸಿಕೊಂಡು ಬರುತ್ತಿದ್ದರು, ಚಾಳಿನ ಹುಡುಗರೆಲ್ಲ ಹೋ ಎಂದು ಹಿಂದೆ. ಆದರೆ ಟೈರಿನ ಗಾಳಿ ತುಂಬಿದ್ದಾಗ ಜೋರು, ಖಾಲಿಯಾದಂತೆ ಮೆತ್ತಗೆ. ಕಣ್ಣರೆಪ್ಪೆ ಬಿಡಿಸಲು ಬೇಕಾದದ್ದು ಮೊದಲಿನಿಂದ ಕೊನೆಯವರೆಗೂ ಒಂದೇ ಸಮನಾದ ಗಾಳಿ.

ಅದಕ್ಕೂ ಇವರೇ ಒಂದು ಉಪಾಯ ಹೂಡಿದರು. ಧಾರಾವಿಯ ಒಬ್ಬ ತೊಗಲಿನ ಕೆಲಸದವನಿಂದ ತೆಂಗಿನಕಾಯಿ ಗಾತ್ರದ ಗಟ್ಟಿ ಚೀಲ ಹೊಲಿಸಿ, ಟೈರಿಗೂ ಬ್ರಷ್‌ಗೂ ನಡುವೆ ಸೇರಿಸಿದರು. ಚೀಲದ ಮೇಲೆ ಮಣೆ, ಮಣೆಯ ಮೇಲೆ ಭಾರ. ಮಣೆ ಕೆಳಗಿಳಿದರೆ ಟೈರಿನಿಂದ ಗಾಳಿ ಒಳಗೆ ಬರುತ್ತದೆ, ಚೀಲ ಉಬ್ಬಿ ಮಣೆ ಮೇಲೆದ್ದರೆ ರಬ್ಬರಿನ ನಳಿಕೆ ಚಿವುಟಿಕೊಂಡು ಗಾಳಿ ನಿಲ್ಲುತ್ತದೆ. ಟೈರಿನಲ್ಲಿ ಎಷ್ಟೇ ಇರಲಿ, ಬ್ರಷ್‌ಗೆ ಹೋಗುವುದು ಮಣೆಯ ಮೇಲೆ ಕೂತ ಭಾರಕ್ಕೆ ತಕ್ಕಷ್ಟೇ. ಮೊದಲು ಜೋಳದ ಚೀಲ ಇಟ್ಟು ನೋಡಿದರು. ಗಾಳಿ ಬಂತು, ಆದರೆ ಗಲ್ಲಕ್ಕೆ ಮೆತ್ತನೆಯ ನೆರಳು ಹಾಕಲು ಕಡಿಮೆ ಬೇಕು, ಕೂದಲೆಳೆಗೆ ಹೆಚ್ಚು ಬೇಕು. ಪ್ರತಿ ಸಲ ಎದ್ದು ಜೋಳ ತೆಗೆದು ಹಾಕಿ ಮಾಡಬೇಕು.

"ನೀನ ಕೂಡು" ಎಂದರು ಒಂದು ದಿನ. "ಚೀಲ ಹೇಳಿದ ಮಾತು ಕೇಳಂಗಿಲ್ಲ."

ಹಾಗೆ ನಾನು ಮಣೆ ಏರಿದೆ. ಮುಂದಕ್ಕೆ ಬಾಗಿ ಪಾದಗಳ ಮೇಲೆ ಭಾರ ಬಿಟ್ಟರೆ ಗಾಳಿ ಮೆತ್ತಗಾಗುತ್ತಿತ್ತು, ಹಿಂದಕ್ಕೆ ಸರಿದು ಪೂರ್ತಿ ಕೂತರೆ ಜೋರಾಗುತ್ತಿತ್ತು. "ಸ್ವಲ್ಪ ಮುಂದ ಬಾ. ಹಾಂ, ಹಂಗ ಇರು. ಈಗ ಹಿಂದ ಸರಿ." ಕೆಲವು ದಿನಗಳಲ್ಲೇ ಅವರು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಗತೊಡಗಿತು. ಬೆನ್ನಿನ ಹಿಂದಿನ ಸುಂಯ್ ಸದ್ದಿನಲ್ಲೇ ಅವರೀಗ ಗಲ್ಲದ ಮೇಲಿದ್ದಾರೋ ಹುಬ್ಬಿನ ಮೇಲಿದ್ದಾರೋ ಹೇಳಬಲ್ಲವಳಾಗಿದ್ದೆ. ನೆರೆಮನೆಯ ಉಡುಪಿ ಕಡೆಯವಳು, ಅವಳ ಗಂಡ ಮಾಟುಂಗದ ಹೋಟೆಲಿನಲ್ಲಿ ಅಡಿಗೆಯವನು, ಬಾಗಿಲಲ್ಲಿ ನಿಂತು, "ಎಂತ ಮಾರಾಯ್ತಿ ಇದು, ಗಂಡ ಚಿತ್ರ ಬಿಡಿಸ್ಲಿಕ್ಕೆ ಹೆಂಡತಿ ಕೂತ್ಕೊಳ್ಬೇಕಾ?" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ಕೂತಲ್ಲೇ ಅಕ್ಕಿ ಆರಿಸುತ್ತಿದ್ದೆ, ಬಟ್ಟೆ ಹೊಲಿಯುತ್ತಿದ್ದೆ. ಮದುವೆಯಾದ ಮೇಲಿನ ನಮ್ಮ ಮಾತುಕತೆಯಲ್ಲಿ ಅರ್ಧ ನಡೆದದ್ದು ಹೀಗೆ ಒಬ್ಬರಿಗೊಬ್ಬರು ಬೆನ್ನು ಕೊಟ್ಟುಕೊಂಡೇ.

ವರ್ಷಗಳು ಹೋದವು, ಮಕ್ಕಳಾಗಲಿಲ್ಲ. ಊರಿಗೆ ಹೋದಾಗಲೆಲ್ಲ ನನ್ನ ಹೊಟ್ಟೆಯ ಮೇಲೆ ಎಲ್ಲರ ಕಣ್ಣು. ಹೆಸರಿಡುವ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೆ. ಆಮೇಲೆ, ಯಾರೂ ಕೇಳುವುದನ್ನು ನಿಲ್ಲಿಸಿದ ಮೇಲೆ, ಎಪ್ಪತ್ತರ ದಶಕ ಕಾಲಿಟ್ಟ ಹೊತ್ತಿನಲ್ಲಿ ನನಗೆ ದಿನ ನಿಂತಿತು. ಆ ಕೂಸು ನನಗೆ ಎಷ್ಟು ಬೇಕಾಗಿತ್ತು ಎಂದರೆ, ಬಸಿರಾದ ಸುದ್ದಿಯನ್ನು ಇವರಿಗೆ ಹೇಳಲೂ ಹೆದರಿ, ಹೇಳಿದರೆ ಎಲ್ಲಿ ಹೋಗಿಬಿಡುತ್ತದೋ ಎಂದು, ಬಾಯಿ ಬಿಗಿಹಿಡಿದಿದ್ದೆ.

ಅವರಿಗೆ ಗೊತ್ತಾದದ್ದು ಬ್ರಷ್‌ನಿಂದ. ಒಂದು ದಿನ, "ಯಾಕೋ ಗಾಳಿ ಜೋರ ಬರಾಕತ್ತೈತಿ" ಎಂದರು. ನಳಿಕೆ ನೋಡಿದರು, ಚೀಲ ಒತ್ತಿ ನೋಡಿದರು. ಮುಂದಿನ ವಾರವೂ ಅದೇ ಮಾತು. ಆಮೇಲೆ ತಿರುಗಿ ನನ್ನನ್ನು ನೋಡಿದರು. ಮಣೆಯಿಂದ ಎಬ್ಬಿಸಿ, ಮತ್ತೆ ಕೂರಿಸಿ, ಗಾಳಿ ಬಿಟ್ಟು ನೋಡಿದರು. ನಾನು ಸೆರಗು ಕಚ್ಚಿಕೊಂಡು ನಗುತ್ತ ಕೂತಿದ್ದೆ. ಅವರು ಬ್ರಷ್ ಕೆಳಗಿಟ್ಟು, "ಹೌದೇನು?" ಎಂದಷ್ಟೇ ಕೇಳಿದರು. ಹೆಂಡತಿ ಬಸಿರಾದದ್ದನ್ನು ಹೀಗೆ ತಿಳಿದ ಗಂಡ ಪ್ರಪಂಚದಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಇನ್ನು ಮಣೆ ಬೇಡ, ಜೋಳದ ಚೀಲವೇ ಸಾಕು ಎಂದರು. ನಾನು ಒಪ್ಪಲಿಲ್ಲ. ಸುಮ್ಮನೆ ಕೂರುವುದರಲ್ಲಿ ಏನು ಕಷ್ಟ? ದವಾಖಾನೆಯ ಡಾಕ್ಟರಮ್ಮನನ್ನೂ ಕೇಳಿದೆ. ಕೂತುಕೊಂಡರೆ ಒಳ್ಳೆಯದೇ ಎಂದು ನಕ್ಕರು. ನಾನು ಕೂತೆ, ತಿಂಗಳು ತಿಂಗಳಿಗೂ ತುಂಬಿಕೊಳ್ಳುತ್ತ ಹೋದೆ.

ಜೋರಾದ ಗಾಳಿಯನ್ನು ಇವರು ಮೊದಲು ಬೈದುಕೊಂಡರು, ಆಮೇಲೆ ಅದರ ರುಚಿ ಹತ್ತಿತು. ಗಾಳಿ ಗಟ್ಟಿಯಾಗಿದ್ದರೆ ತೂತು ಇನ್ನೂ ಕಿರಿದಾಗಿರಬಹುದು, ಬಣ್ಣ ಇನ್ನೂ ದಪ್ಪವಿರಬಹುದು, ಎಳೆ ಇನ್ನೂ ಸಪೂರ ಬರುತ್ತದೆ. ದಾದರ್ ಸ್ಟೇಶನ್ನಿನ ಹೊರಗೆ ಮೆಟ್ಟಿಲ ಕೆಳಗೆ ಕೂರುತ್ತಿದ್ದ ಗಡಿಯಾರ ರಿಪೇರಿಯವನ ಹತ್ತಿರ ಹೋಗಿ, ಇದ್ದ ಮೂತಿಯ ಒಳಗೇ ಒಂದು ಸಣ್ಣ ಕೊಳವೆ ಕೂರಿಸಿ ಬೆಸುಗೆ ಹಾಕಿಸಿಕೊಂಡು ಬಂದರು. ಸೂಜಿಯನ್ನು ಮತ್ತೆ ಮಸೆದು ಅದಕ್ಕೆ ಹೊಂದಿಸಿದರು. ಆ ದಿನ ಬಂದ ಗೆರೆಯನ್ನು ನೋಡಿ ನನ್ನನ್ನು ಕರೆದು ತೋರಿಸಿದರು. ನಿಜಕ್ಕೂ ಕೂದಲೇ ಬಿದ್ದಿದೆಯೆಂದು ನಾನು ಕಾಗದವನ್ನು ಊದಿದೆ. ಅವರು ಹುಡುಗನ ಹಾಗೆ ಚಪ್ಪಾಳೆ ತಟ್ಟಿದರು.

"ನಿಮ್ಮಿಬ್ಬರ ಗಾಳಿ ಇದು. ಒಬ್ಬಾಕಿದಾಗಿದ್ರ ಬರ್ತಿರಲಿಲ್ಲ" ಎಂದರು.

ಆ ತಿಂಗಳುಗಳಲ್ಲಿ ಮಾಡಿದಂಥ ಕೆಲಸವನ್ನು ಅವರು ಮತ್ತೆ ಮಾಡಲಿಲ್ಲ. ಹೊಟ್ಟೆಯೊಳಗಿನ ಕೂಸು ಒದ್ದಾಗ ನಾನು ಅಲುಗುತ್ತಿದ್ದೆ, ಅವರ ಗೆರೆಯೂ ಒಂಚೂರು ಅಲುಗುತ್ತಿತ್ತು. "ನಿನ್ನ ಮಗ ಬಂದು ನನ್ನ ಕೆಲಸ ಕೆಡಸಾಕತ್ತಾನ" ಎನ್ನುತ್ತಿದ್ದರು. ಮಗ ಎಂದು ಯಾಕೆ ಅಂದುಕೊಂಡಿದ್ದರೋ.

ಮಣೆಯ ಮೇಲೆ ಕೂತು ನಾನು ಕುಲಾವಿ ಹೊಲಿಯುತ್ತಿದ್ದೆ. ಒಂದಲ್ಲ, ಎರಡು. ನಮ್ಮ ಕಡೆ ಕೂಸಿಗೆ ಹೆಸರಿಡುವ ದಿನ ತೊಟ್ಟಿಲಲ್ಲಿ ಮೊದಲು ಮಲಗುವುದು ಕೂಸಲ್ಲ, ಒರಳಿನ ಗುಂಡಕಲ್ಲು. ಅದನ್ನು ತೊಳೆದು, ಎಣ್ಣೆ ಹಚ್ಚಿ, ಕುಲಾವಿ ಹಾಕಿ, ಬಟ್ಟೆಯಲ್ಲಿ ಸುತ್ತಿ, ತಾಯಿಯ ಮಡಿಲಿಗೆ ಕೊಡುತ್ತಾರೆ. ತಾಯಿ ಅದನ್ನು ತೊಟ್ಟಿಲಿಗೆ ಹಾಕಿ ತೂಗುತ್ತಾಳೆ. ಹೆಂಗಸರೆಲ್ಲ ಜೋಗುಳ ಹಾಡುತ್ತಾರೆ. ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಆಮೇಲೆಯೇ ಕೂಸಿನ ಸರದಿ. ಅದು ಹೆಂಗಸರ ಶಾಸ್ತ್ರ, ಗಂಡಸರು ಆ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾರೆ. ನನ್ನ ಗಂಡ ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಗಂಡಸರ ನಡುವೆ ಬೆಳೆದವರು. ಎರಡು ಕುಲಾವಿ ಯಾಕೆ ಎಂದೂ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಚಟ್ನಿ ಅರೆಯುವಾಗ ಗುಂಡಕಲ್ಲಿನ ಜೊತೆ, ನಿನಗೂ ಒಂದು ಟೊಪ್ಪಿಗೆ ಆಗುತ್ತಿದೆ ನೋಡು, ಎಂದು ಒಬ್ಬಳೇ ಮಾತಾಡಿಕೊಳ್ಳುತ್ತಿದ್ದೆ.

ಮೊದಲ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ನಮ್ಮ ಹಳ್ಳಿಯ ಹತ್ತಿರ ದವಾಖಾನೆ ಇರಲಿಲ್ಲ. ಇಷ್ಟು ವರ್ಷದ ಮೇಲೆ ನಿಂತದ್ದು, ಮುಂಬಯಿಯಲ್ಲೇ ಆಗಲಿ ಎಂದು ಅವ್ವನೇ ಗಂಟುಕಟ್ಟಿಕೊಂಡು ರೈಲು ಹತ್ತಿ ಬಂದಳು. ನನ್ನನ್ನು ಮಣೆಯ ಮೇಲೆ ನೋಡಿ ಅವಳಿಗೆ ದಿಗಿಲಾಯಿತು. "ಯವ್ವಾ, ನಿನ್ನ ಬಾಳೇ, ಕೋಳಿ ಕಾವಿಗೆ ಕುಂತಂಗ ಕುಂತೀಯಲ್ಲ!" ಎಂದಳು. ಆಮೇಲೆ ಅವಳೂ ಹೊಂದಿಕೊಂಡಳು.

ನೋವು ಬಂದದ್ದು ಹಗಲು ಹೊತ್ತಿನಲ್ಲಿ. ನೆರೆಯವಳು, ಅವ್ವ, ಇವರು, ಮೂವರೂ ಟ್ಯಾಕ್ಸಿಯಲ್ಲಿ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿಯದನ್ನು ಹೆಚ್ಚು ಬರೆಯಲಾರೆ. ಎಲ್ಲರೂ ಮಾಡಬೇಕಾದದ್ದನ್ನು ಮಾಡಿದರು. ಕೂಸು ಅಳಲಿಲ್ಲ. ನಾನು ಕಿವಿಗೊಟ್ಟುಕೊಂಡು ಮಲಗಿದ್ದೆ, ಸದ್ದೇ ಬರಲಿಲ್ಲ. ಹೆಣ್ಣು ಎಂದರು. ಆಗ ಇಂಥ ಕೂಸನ್ನು ತಾಯಿಗೆ ತೋರಿಸುತ್ತಿರಲಿಲ್ಲ, ನೋಡಿದರೆ ಮರೆಯುವುದು ಕಷ್ಟವಾಗುತ್ತದೆಂದು. ನೋಡದೆಯೂ ಮರೆಯಲಾಗಲಿಲ್ಲ, ಅವರಿಗದು ಗೊತ್ತಿರಲಿಲ್ಲ. ಇವರು ನೋಡಿದರು. ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದವರೂ ಇವರೇ. ಊರಿನವರ ಮುಖಗಳನ್ನೆಲ್ಲ ತಿದ್ದಿ ಗೋಡೆಗೆ ಹಾಕಿದವರು ಆ ಮುಖವನ್ನು ಒಂದು ದಿನವೂ ಬಿಡಿಸಲಿಲ್ಲ. ಹೇಗಿದ್ದಳು ಎಂದು ನಾನು ಕೇಳಿದೆ. "ನಿನ್ನ ಹುಬ್ಬು" ಎಂದರು. ಹೊರಗೆ ಹೋಗಿ ಗ್ಯಾಲರಿಯಲ್ಲಿ ನಿಂತರು.

ಮನೆಗೆ ಬಂದ ಮೇಲೆ ನನಗೆ ಹಾಲು ಬಂತು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಕುಡಿಯುವವರಿಲ್ಲದ ಹಾಲು ಕುಪ್ಪಸ ನೆನೆಸುತ್ತಿತ್ತು, ಎದೆ ಕಲ್ಲಾಗುತ್ತಿತ್ತು. ಅವ್ವ ಹಳೆಯ ಸೀರೆ ಹರಿದು ಬಿಗಿಯಾಗಿ ಕಟ್ಟಿದಳು, ಕಟ್ಟುವಾಗ ಅವಳೂ ಅಳುತ್ತಿದ್ದಳು. ಎರಡೂ ಕುಲಾವಿಗಳನ್ನು ಅವಳು ಎಲ್ಲಿ ಇಟ್ಟಳೋ ನಾನು ಕೇಳಲಿಲ್ಲ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ದಿನವೆಲ್ಲ ಗೋಡೆ ನೋಡುತ್ತ ಮಲಗಿರುತ್ತಿದ್ದೆ. ದೇವರ ಮೇಲೆ ಸಿಟ್ಟು, ಕೆಳಗಿನ ಮಾಳಿಗೆಯಲ್ಲಿ ಅಳುವ ಯಾರದೋ ಕೂಸಿನ ಮೇಲೂ ಸಿಟ್ಟು.

ಇವರ ಕೈಯಲ್ಲಿ ಆಗ ಒಂದು ಕೆಲಸ ಅರ್ಧಕ್ಕೆ ನಿಂತಿತ್ತು. ಮಾಟುಂಗದ ಒಬ್ಬ ಹೋಟೆಲ್ ಮಾಲೀಕರು ತೀರಿಕೊಂಡ ತಾಯಿಯ ಸಣ್ಣ ಫೋಟೋ ಕೊಟ್ಟು ದೊಡ್ಡದು ಮಾಡಿಸಲು ಹೇಳಿದ್ದರು. ವರ್ಷಾಂತಿಕದ ದಿನ ಹೋಟೆಲಿನಲ್ಲಿ ಹಾರ ಹಾಕಬೇಕು. ಮುಖ, ಮೂಗುತಿ, ಸೆರಗು ಎಲ್ಲ ಮುಗಿದಿತ್ತು. ಉಳಿದದ್ದು ಕೂದಲು. ಬೈತಲೆಯಿಂದ ಹಿಂದಕ್ಕೆ ಬಾಚಿದ ನರೆಗೂದಲನ್ನು ಎಳೆ ಎಳೆಯಾಗಿ ಬಿಡಿಸಬೇಕಾಗಿತ್ತು. ವರ್ಷಾಂತಿಕ ಹತ್ತಿರ ಬರುತ್ತಿತ್ತು. ಮಲಗಿದ್ದ ನನ್ನನ್ನು ಎಬ್ಬಿಸದೆ ಇವರು ಜೋಳದ ಚೀಲ ಇಟ್ಟು, ತೆಗೆದು, ಒದ್ದಾಡುತ್ತಿದ್ದರು. ನೋಡಲಾಗದೆ ನಾನೇ ಎದ್ದು ಹೋಗಿ ಚೀಲ ಸರಿಸಿ ಮಣೆಯ ಮೇಲೆ ಕೂತೆ. ಮಲಗಿ ಮಲಗಿ ನನಗೂ ಸಾಕಾಗಿತ್ತು.

ಬ್ರಷ್ ಉಗುಳಿತು. ಗೆರೆಯ ಬದಲು ಚುಕ್ಕೆ ಚುಕ್ಕೆ. ಅವರು ಸೂಜಿ ತೆಗೆದು ಒರೆಸಿ ಹಾಕಿದರು. "ಹಿಂದ ಸರಿ" ಎಂದರು. ಸರಿದೆ. "ಇನ್ನೊಂಚೂರು." ಸರಿಯಲು ಇನ್ನೇನೂ ಉಳಿದಿರಲಿಲ್ಲ, ಪಾದ ಎರಡೂ ನೆಲ ಬಿಟ್ಟಿದ್ದವು. ಆಗ ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಆ ಮೂತಿಯನ್ನು ಅಳತೆ ಮಾಡಿಸಿದ್ದು ಇಬ್ಬರ ಭಾರಕ್ಕೆ. ಈಗ ಕೂತಿರುವವಳು ಒಬ್ಬಳೇ, ಅದೂ ಮೊದಲಿಗಿಂತ ಅರೆಪಾಲಾದವಳು. ಹಳೆಯ ಮೂತಿಗೆ ವಾಪಸು ಹೋಗೋಣವೆಂದರೆ ಹಳೆಯದು ಇಲ್ಲ, ಅದರೊಳಗೇ ಬೆಸುಗೆಯಾಗಿದೆ.

ಅವರು ಬಣ್ಣ ತೆಳ್ಳಗೆ ಮಾಡಿದರು, ಅದು ಕಾಗದದ ಮೇಲೆ ಹರಿದು ಜೇಡನ ಕಾಲಿನಂತೆ ಹಬ್ಬಿತು. ನನ್ನ ಮಡಿಲಿಗೆ ನೀರಿನ ಬಿಂದಿಗೆ ಕೊಟ್ಟರು, ನೀರು ತುಳುಕಿ ಗಾಳಿ ನಡುಗಿತು. ಅವರ ಕಣ್ಣು ಖೋಲಿಯ ಸುತ್ತ ಹುಡುಕುತ್ತ ಹೋಗಿ ಒಲೆಯ ಪಕ್ಕದ ಒರಳಿನ ಮೇಲೆ ನಿಂತಿತು. ಎದ್ದು ಹೋಗಿ ಗುಂಡಕಲ್ಲು ತೆಗೆದು ತೊಳೆದರು. ನನ್ನ ಸೀರೆ ಒದ್ದೆಯಾದೀತೆಂದು ಅವರದೇ ಹಳೆಯ ಧೋತರದಲ್ಲಿ ಸುತ್ತಿದರು. ತಂದು ನನ್ನ ಮಡಿಲಲ್ಲಿಟ್ಟರು.

ಅವ್ವ ಮೂಲೆಯಲ್ಲಿ ಬೇಳೆ ಆರಿಸುತ್ತಿದ್ದವಳು ಮೊರ ಬಿಟ್ಟು ಎದ್ದಳು. "ಅಯ್ಯ ನಮ್ಮಪ್ಪಾ, ತಗೀರಿ ಅದನ್ನ!" ಎಂದು ಕೂಗಿದಳು. ಇವರಿಗೆ ಅರ್ಥವಾಗಲಿಲ್ಲ, ಭಾರ ಹೆಚ್ಚಾಯಿತೆಂದು ಹೇಳುತ್ತಿದ್ದಾಳೆಂದುಕೊಂಡು ನನ್ನ ಮುಖ ನೋಡಿದರು.

"ಇರಲಿ ಬಿಡವ್ವಾ" ಎಂದೆ. "ನೀವು ಕೆಲಸ ಮಾಡ್ರಿ."

ಅವರು ತಿರುಗಿ ಕೂತರು. ಗೆರೆ ಬಂತು. ಸುಂಯ್ ಎನ್ನುವ ಆ ಹಳೆಯ ಸದ್ದು, ಒಂದೇ ಸಮನೆ. ಬಟ್ಟೆಯೊಳಗಿನ ಕಲ್ಲು ತಣ್ಣಗಿತ್ತು, ನನ್ನ ಕೈಯಡಿ ನಿಧಾನವಾಗಿ ಬೆಚ್ಚಗಾಗತೊಡಗಿತು. ಅದರ ಭಾರ ಸರಿಯಾಗಿತ್ತು. ಎಷ್ಟು ಸರಿಯಾಗಿತ್ತು ಎಂದು ನಾನು ಹೇಗೆ ಹೇಳಲಿ? ಕಟ್ಟಿದ ಬಟ್ಟೆಯನ್ನೂ ಮೀರಿ ನನ್ನ ಕುಪ್ಪಸ ಒದ್ದೆಯಾಯಿತು. ಮೈಗೆ ಕಲ್ಲಿಗೂ ಕೂಸಿಗೂ ವ್ಯತ್ಯಾಸ ತಿಳಿಯುವುದಿಲ್ಲವೇನೋ ಅನ್ನಿಸಿತು.

ನಾನು ತೂಗುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. ಬೆನ್ನ ಹಿಂದಿನ ಸದ್ದು ಏರಿ ಇಳಿದು, ಏರಿ ಇಳಿದು ಬರುತ್ತಿದೆ ಎಂದು ಕಿವಿಗೆ ಬಿದ್ದಾಗ ತಿಳಿಯಿತು. ಮುಂದಕ್ಕೆ ಹೋದಾಗ ಗಾಳಿ ಮೆತ್ತಗೆ, ಹಿಂದಕ್ಕೆ ಬಂದಾಗ ಜೋರು. ನಿಲ್ಲಿಸಬೇಕೆಂದುಕೊಂಡೆ, ಮೈ ನಿಲ್ಲಲಿಲ್ಲ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದಳು. "ಅಲ್ಲಾಡಬ್ಯಾಡ" ಎಂದು ಇವರು ಗದರುತ್ತಾರೆಂದು ಕಾದೆ. ಅವರು ಗದರಲಿಲ್ಲ. ಬ್ರಷ್ ಸಾಗುತ್ತಲೇ ಇತ್ತು, ನನ್ನ ತೂಗಿನ ಜೊತೆ ಜೊತೆಗೆ, ಚಿತ್ರದಲ್ಲಿನ ಅಜ್ಜಿಯ ತಲೆಯ ಒಂದು ಕಡೆ ಪೂರ್ತಿ ಮುಗಿಯುವವರೆಗೆ.

ಆಮೇಲೆ ಸದ್ದು ನಿಂತಿತು. ತಿರುಗಿ ನೋಡಿದೆ. ಅವರು ಬ್ರಷ್ ಕೆಳಗಿಟ್ಟು ಕಾಗದವನ್ನು ನೋಡುತ್ತ ಕೂತಿದ್ದರು. ಕೂದಲಿನ ಎಳೆಗಳೆಲ್ಲ ದಪ್ಪ ಸಪೂರ, ದಪ್ಪ ಸಪೂರವಾಗಿ ಅಲೆ ಅಲೆಯಾಗಿದ್ದವು. ಹೆಸರಿಡುವ ಶಾಸ್ತ್ರ ಅವರು ನೋಡಿರಲಿಲ್ಲ, ಯಾರೂ ಹೇಳಿರಲೂ ಇಲ್ಲ. ಆದರೆ ಗೆರೆ ಓದಲು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದ್ದು ಬಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈ ಚಾಚಿ, ಕಲ್ಲನ್ನು ಬಟ್ಟೆಯ ಸಮೇತ ಎತ್ತಿಕೊಂಡರು. ಎತ್ತಿಕೊಂಡ ಮೇಲೆ ಎಲ್ಲಿಡಬೇಕೆಂದು ತಿಳಿಯದೆ ಖೋಲಿಯ ನಡುವೆ ನಿಂತರು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಒರಳಾಗ ಇಡ್ರಿ" ಎಂದೆ. "ಮುಂಜಾನೆ ಚಟ್ನಿ ಅರೀಬೇಕು."

ಅವ್ವ ಕೆಲವು ದಿನ ಇದ್ದು ಊರಿಗೆ ಹೋದಳು. ಇವರು ಅದೇ ಗಡಿಯಾರದವನ ಹತ್ತಿರ ಹೋಗಿ, ಮೂತಿಯ ಒಳಗಿನ ಕೊಳವೆಯನ್ನು ಕೊರೆಸಿ ತೂತು ದೊಡ್ಡದು ಮಾಡಿಸಿಕೊಂಡು ಬಂದರು. ನನ್ನೊಬ್ಬಳ ಭಾರಕ್ಕೆ ಅದು ಸಾಕಾಯಿತು. ಅಂಥ ಸಪೂರ ಗೆರೆ ಮತ್ತೆ ಬರಲಿಲ್ಲ, ಅವರೂ ಅದನ್ನು ಹುಡುಕಿಕೊಂಡು ಹೋಗಲಿಲ್ಲ. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಯಾರೋ ಮಾರಿದ ಹಳೆಯ ಕರೆಂಟಿನ ಪಂಪು ಮನೆಗೆ ಬಂತು. ಮಣೆ ಮೂಲೆ ಸೇರಿತು, ನಾನು ಗಾಳಿಯಕ್ಕನ ಕೆಲಸದಿಂದ ನಿವೃತ್ತಳಾದೆ. ಪಂಪಿನ ಗಡಗಡ ಸದ್ದಿನಲ್ಲಿ ಅವರು ಹುಬ್ಬಿನ ಮೇಲಿದ್ದಾರೋ ಗಲ್ಲದ ಮೇಲಿದ್ದಾರೋ ನನಗೆ ತಿಳಿಯುತ್ತಿರಲಿಲ್ಲ.

ಆ ಅಜ್ಜಿಯ ಕೂದಲನ್ನು ಅವರು ತಿದ್ದಲಿಲ್ಲ. ಬಿಳಿಯ ಬಣ್ಣ ಹಾಯಿಸಿ ಮತ್ತೆ ಬಿಡಿಸಬಹುದಾಗಿತ್ತು, ಎಷ್ಟೋ ಸಲ ಹಾಗೆ ಮಾಡಿದ್ದರು. ಇನ್ನೊಂದು ಬದಿಯನ್ನೂ, ಗುಂಡಿಯನ್ನು ಬೆರಳಿನಿಂದ ಹಿಂದೆ ಮುಂದೆ ಆಡಿಸುತ್ತ, ಅದೇ ಅಲೆಗೆ ಹೊಂದುವಂತೆ ಮುಗಿಸಿ, ವರ್ಷಾಂತಿಕದ ಮುನ್ನಾದಿನ ಕೊಟ್ಟು ಬಂದರು. ಕೊಡುವಾಗ ನಾನೂ ಹೋಗಿದ್ದೆ, ಮಾಲೀಕರು ಬೈದರೆ ನಾನೇ ಬೈಸಿಕೊಳ್ಳುತ್ತೇನೆ ಎಂದು. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಅಮ್ಮನ ಕೂದಲು ಹೀಗೇ ಇತ್ತು ಮಾರಾಯ್ರೆ, ಸ್ವಲ್ಪ ಗುಂಗುರು" ಎಂದರು. "ಆ ಸಣ್ಣ ಫೋಟೋದಲ್ಲಿ ಕಾಣ್ತಾ ಇರ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ನಿಜವಾಗಿ ಆ ಅಜ್ಜಿಗೆ ಗುಂಗುರು ಕೂದಲಿತ್ತೋ, ಇಲ್ಲ ಮಗನಿಗೆ ಆ ಕ್ಷಣ ಹಾಗೆ ಅನ್ನಿಸಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಹೋಟೆಲು ಈಗಲೂ ಇದೆ. ಗಲ್ಲಾದಲ್ಲಿ ಆ ಮಾಲೀಕರ ಮೊಮ್ಮಗ ಕೂರುತ್ತಾನೆ. ಅವನ ಕನ್ನಡ ಅಷ್ಟಕ್ಕಷ್ಟೇ, ನಾಲ್ಕು ಮಾತಿಗೆ ಹಿಂದಿ ಹತ್ತಿಬಿಡುತ್ತಾನೆ. ಹಿಂದಿನ ಸಲ ನಾನು ಫೋಟೋ ನೋಡುತ್ತ ಕೂತದ್ದನ್ನು ಕಂಡು, "ನಮ್ಮ ಮುತ್ತಜ್ಜಿ. ಕರ್ಲಿ ಹೇರ್ ನಮಗೆ ಅವರಿಂದಲೇ ಬಂದದ್ದು" ಎಂದು ತನ್ನ ತಲೆ ತೋರಿಸಿದ. ಅವನ ತಲೆಯಲ್ಲಿ ಗುಂಗುರು ನನಗೇನೂ ಕಾಣಲಿಲ್ಲ, ಹೌದಪ್ಪ ಎಂದೆ. ಮಾಟುಂಗಕ್ಕೆ ಹೋದಾಗಲೆಲ್ಲ ಗಲ್ಲಾದ ಎದುರಿನ ಮೇಜೇ ಸಿಗುವವರೆಗೆ ಕಾದು ಕೂರುತ್ತೇನೆ. ಕಾಫಿ ಆರಿಸಿಕೊಂಡು ಕುಡಿಯುತ್ತೇನೆ. ನನ್ನ ಕೂಸನ್ನು ನಾನು ತೂಗಿದ್ದು ಆ ಕೂದಲಿನ ಅಲೆಗಳಲ್ಲಿರುವಷ್ಟೇ. ಅದು ಅಲ್ಲಿ ಗೋಡೆಯ ಮೇಲಿದೆ.